ಸಾವಧಾನ್, ವಿಶ್ರಾಮ್ ಮುಗೀತು, ಇನ್ನು ‘ಆರಾಮ್ ಸೆ’

ಪರೇಡ್‌ನಲ್ಲಿ ಮೂರು ಹುಕುಂ ಇವೆ. ಫೌಜಿಗಳಿಗೆಲ್ಲ ಗೊತ್ತಿರುವುದೇ. ‘ಸಾವಧಾನ್’ ಅಂದರೆ ಕಂಬದ ಹಾಗೆ ನಿಲ್ಲಬೇಕು. ‘ವಿಶ್ರಾಮ್’ ಅಂದರೆ ಕಾಲು ಅಗಲ ಮಾಡಿ ಕೈ ಹಿಂದೆ ಕಟ್ಟಬೇಕು, ಹೆಸರು ವಿಶ್ರಾಮ್ ಆದರೂ ಕುತ್ತಿಗೆ, ಬೆನ್ನು, ದವಡೆ ಯಾವುದೂ ಸಡಿಲ ಆಗಿರುವುದಿಲ್ಲ. ಆಮೇಲೆ ಬರುವುದು ‘ಆರಾಮ್ ಸೆ’. ಆಗ ಪಾದ ಒಂದನ್ನು ಬಿಟ್ಟು ಉಳಿದ ಮೈಯನ್ನೆಲ್ಲ ಅಲ್ಲಾಡಿಸಬಹುದು, ಭುಜ ಇಳಿಸಬಹುದು, ಉಸಿರು ಬಿಡಬಹುದು. ರಿಟೈರ್ ಆಗಿ ಊರಿಗೆ ಬಂದ ನಮ್ಮಲ್ಲಿ ತುಂಬಾ ಜನ ಎರಡನೇ ಹುಕುಮಿನಲ್ಲೇ ನಿಂತುಬಿಟ್ಟಿದ್ದೇವೆ. ಪೆನ್ಶನ್ ಬರುತ್ತದೆ, ಮನೆ ಆಗಿದೆ, ಮಕ್ಕಳು ಓದುತ್ತಿದ್ದಾರೆ, ಆದರೂ ರಾತ್ರಿ ಮೂರಕ್ಕೆ ಎಚ್ಚರ, ಬಾಗಿಲು ಬಡಿದರೆ ಎದೆ ಧಸಕ್. ದಾರಿಯಲ್ಲಿ ಸಿಕ್ಕವರು ‘ಆರಾಮಾ?’ ಅಂತ ಕೇಳುತ್ತಾರೆ. ನಾವೂ ‘ಹೌದು, ಆರಾಮ್’ ಅನ್ನುತ್ತೇವೆ. ಮೈಗೆ ಮಾತ್ರ ಆ ಹುಕುಂ ಇನ್ನೂ ತಲುಪಿಲ್ಲ.

ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು, ಡಾಕ್ಟರ್ ಅಲ್ಲ. ಈಗ ಕಾರವಾರದ ಹತ್ತಿರ ಅಮದಳ್ಳಿ ಕಡೆ ಮನೆ. ಭಾನುವಾರ ಬೆಳಿಗ್ಗೆ ನಾವು ಐದಾರು ಜನ, ಭೂಸೇನೆಯವರು, ನೇವಿಯವರು, ಒಬ್ಬರು ಬಿಎಸ್‌ಎಫ್‌ನವರು, ಒಟ್ಟಿಗೆ ಕೂತು ಮೈ ಸಡಿಲ ಬಿಡುವುದನ್ನು ಕಲಿಯುತ್ತಿದ್ದೇವೆ. ನಮಗೆ ಯಾವುದು ಹಿಡಿಸಿತೋ, ಯಾವ ಕ್ರಮದಲ್ಲಿ ಸುಲಭ ಆಯಿತೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ವಾರಕ್ಕೆ ಒಂದು ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ಪಿ.ಟಿ. ಥರ ಮಾಡಬೇಡಿ. ನಮಗೆ ಏನೇ ಕೊಟ್ಟರೂ ಹಲ್ಲು ಕಚ್ಚಿ ಪೂರಾ ಜೋರಿನಲ್ಲಿ ಮಾಡಿ ಗೊತ್ತು. ಇಲ್ಲಿ ಅದೇ ಅಡ್ಡ ಬರುತ್ತದೆ. ನೂರಕ್ಕೆ ನಲವತ್ತರಷ್ಟು ಬಲ ಹಾಕಿ, ನೋವು ಬಂದರೆ ನಿಲ್ಲಿಸಿ, ಬೇಡ ಅನ್ನಿಸಿದ ದಿನ ಬಿಡಿ. ಬಿಟ್ಟಿದ್ದಕ್ಕೆ ಇಲ್ಲಿ ಯಾರೂ ಹಾಜರಿ ಕರೆಯುವುದಿಲ್ಲ.

ಶುರು ಮಾಡುವ ಮುಂಚೆ

ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಸ್ಲಿಪ್ ಡಿಸ್ಕ್, ಆಪರೇಶನ್ ಆದ ಮಂಡಿ, ಕೃತಕ ಕಾಲು, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರನ್ನು ಒಂದು ಮಾತು ಕೇಳಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದವರು ನಿಮ್ಮ ಪಾಲಿಕ್ಲಿನಿಕ್‌ನಲ್ಲೇ ಕೇಳಬಹುದು, ಆ ಯೋಜನೆ 2003ರಿಂದ ಇರುವುದೇ ನಮಗಾಗಿ. ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಇದರ ನೆಪದಲ್ಲಿ ನಿಲ್ಲಿಸಬೇಡಿ. ಟಿವಿ ನೋಡಿಕೊಂಡು ಕಪಾಲಭಾತಿ, ಭಸ್ತ್ರಿಕಾ ಶುರು ಮಾಡುವುದೂ ಬೇಡ. ಉಸಿರನ್ನು ರಭಸದಿಂದ ಹೊಡೆಯುವ ಆ ಪ್ರಾಣಾಯಾಮಗಳು ಬಿ.ಪಿ. ಇರುವವರಿಗೆ ಒಳ್ಳೆಯದಲ್ಲ. ಮೊದಲೇ ಎದೆ ಹೊಡೆದುಕೊಳ್ಳುವ ತೊಂದರೆ ಇದ್ದವರಿಗೆ ಅವುಗಳಿಂದ ಗಾಬರಿ ಇನ್ನೂ ಜಾಸ್ತಿ ಆಗಬಹುದು.

‘ಯೋಗ, ಧ್ಯಾನ ಎಲ್ಲ ಸ್ವಾಮಿಗಳಿಗೆ, ಫೌಜಿಗಲ್ಲ’ ಅನ್ನುವ ಗೆಳೆಯರು ನನಗೂ ಇದ್ದಾರೆ. ಅವರಿಗೆ ನಾನು ಎರಡು ವಿಷಯ ಹೇಳುತ್ತೇನೆ. ನಮ್ಮ ಕಾರವಾರದ ನೌಕಾಸೇನೆಯ ಆಸ್ಪತ್ರೆಗೆ ಇಟ್ಟಿರುವ ಹೆಸರೇ ಪತಂಜಲಿ. ಮತ್ತೆ ಅಮೆರಿಕದ ಮಾಜಿ ಸೈನಿಕರ ಇಲಾಖೆ 2017ರಲ್ಲಿ ಯೋಗ, ಧ್ಯಾನ, ತೈ ಚಿ ಇವನ್ನೆಲ್ಲ ತನ್ನ ಚಿಕಿತ್ಸಾ ಸೌಲಭ್ಯದ ಪಟ್ಟಿಗೇ ಸೇರಿಸಿಕೊಂಡಿದೆ. ಔಷಧಿಯ ಬದಲಿಗೆ ಅಲ್ಲ, ಔಷಧಿಯ ಜೊತೆಗೆ.

ಎಲ್ಲಿ ಕೂರಬೇಕು, ಹೇಗೆ ಕೂರಬೇಕು

ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಿರಸಿ ಕಡೆಯ ನನ್ನ ಗೆಳೆಯರೊಬ್ಬರು ಒಂದು ಯೋಗ ಶಿಬಿರಕ್ಕೆ ಹೋಗಿದ್ದರು. ಲೈಟ್ ಆರಿಸಿ, ಎಲ್ಲರನ್ನೂ ಬೆನ್ನ ಮೇಲೆ ಮಲಗಿಸಿ, ಕಣ್ಣು ಮುಚ್ಚಿ ಅಂದರಂತೆ. ಹೇಳಿಕೊಡುವವರು ಸದ್ದಿಲ್ಲದೆ ಹಿಂದಿನಿಂದ ಬಂದು ಇವರ ಭುಜ ಒತ್ತಿದ್ದೇ ತಡ, ಇವರು ಎದ್ದು ಗೋಡೆಗೆ ಆತು ನಿಂತರು. ಮೈಯೆಲ್ಲ ಬೆವರು. ಆಮೇಲೆ ನಾಲ್ಕು ವರ್ಷ ಯೋಗದ ಹೆಸರೆತ್ತಲಿಲ್ಲ. ಅದರಲ್ಲಿ ಅವರ ತಪ್ಪು ಏನೂ ಇಲ್ಲ. ಹಿಂದಿನಿಂದ ಬಂದವರನ್ನು ನಂಬಬೇಡ ಅಂತ ಇಪ್ಪತ್ತು ವರ್ಷ ಕಲಿತ ಮೈ ಅದು.

ಹಾಗಾಗಿ ಬೆನ್ನಿಗೆ ಗೋಡೆ ಸಿಗುವ ಹಾಗೆ, ಬಾಗಿಲು ಕಾಣುವ ಹಾಗೆ ಕೂರಿ. ಜಗಲಿ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಅಂಗಳವೂ ಕಾಣುತ್ತದೆ, ದಣಪೆಯೂ ಕಾಣುತ್ತದೆ. ಕಣ್ಣು ತೆರೆದೇ ಇರಲಿ, ನಾಲ್ಕಡಿ ದೂರದ ನೆಲ ನೋಡಿದರೆ ಸಾಕು. ಪದ್ಮಾಸನ ಬೇಕಿಲ್ಲ, ಪ್ಲಾಸ್ಟಿಕ್ ಕುರ್ಚಿ ಸಾಕು. ಮನೆಯವರಿಗೆ ಮೊದಲೇ ಹೇಳಿಡಿ: ಹತ್ತು ನಿಮಿಷ ಹಿಂದಿನಿಂದ ಬಂದು ಮಾತಾಡಿಸಬೇಡಿ, ಬರಬೇಕಾದರೆ ಎದುರಿನಿಂದ ಬನ್ನಿ.

ಮೊದಲ ವಾರ: ಪಾದ

ಚಪ್ಪಲಿ ಬಿಟ್ಟು ಎರಡೂ ಪಾದ ನೆಲಕ್ಕೆ ಊರಿ. ನೆಲ ತಣ್ಣಗಿದೆಯಾ, ಒರಟಾಗಿದೆಯಾ ಗಮನಿಸಿ. ಹಿಮ್ಮಡಿ ಒತ್ತಿ, ಬೆರಳು ಒತ್ತಿ, ಬಿಡಿ. ಆಮೇಲೆ ಕಾಣುವ ಐದು ವಸ್ತುಗಳ ಹೆಸರನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿ. ತುಳಸಿಕಟ್ಟೆ. ಬಾವಿ. ಒಣಗಲು ಹಾಕಿದ ಟವೆಲ್. ಕೊನೆಗೆ ಇಂದಿನ ತಾರೀಕು, ನಿಮ್ಮ ಊರಿನ ಹೆಸರು. ಚಿಕ್ಕ ಮಕ್ಕಳ ಆಟದ ಹಾಗೆ ಅನ್ನಿಸಬಹುದು, ಆದರೆ ಮನಸ್ಸು ಯಾವುದೋ ಪೋಸ್ಟಿಗೆ, ಯಾವುದೋ ರಾತ್ರಿಗೆ ಓಡಿಹೋದಾಗ ಅದನ್ನು ವಾಪಸ್ ಕರೆದುಕೊಂಡು ಬರುವ ದಾರಿ ಇದೇ. ಎರಡು ನಿಮಿಷದ ಕೆಲಸ. ಬಸ್ಸಿನಲ್ಲೂ ಮಾಡಬಹುದು.

ಎರಡನೇ ವಾರ: ಉಸಿರು

ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ನಡುವೆ ಹಿಡಿಯಬೇಡಿ. ಒಂದು ಉಸಿರಿಗೆ ಹತ್ತು ಸೆಕೆಂಡ್ ಆಯಿತು, ನಿಮಿಷಕ್ಕೆ ಆರು. ಐದು ನಿಮಿಷ ಸಾಕು. ಆರು ಜಾಸ್ತಿ ಅನ್ನಿಸಿದರೆ ಮೂರು-ನಾಲ್ಕು ಮಾಡಿ. ಬಿಡುವ ಉಸಿರು ತೆಗೆದುಕೊಳ್ಳುವುದಕ್ಕಿಂತ ಉದ್ದ ಇರಬೇಕು, ಮುಖ್ಯ ಅಷ್ಟೇ. ಉಸಿರು ಬಿಡುವಾಗ ವೇಗಸ್ ಅನ್ನುವ ನರ ಹೃದಯದ ಬಡಿತವನ್ನು ಸ್ವಲ್ಪ ನಿಧಾನ ಮಾಡುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ನೋಡಿ, ಉಸಿರು ಒಳಗೆ ಹೋಗುವಾಗ ನಾಡಿ ಚುರುಕಾಗಿ, ಹೊರಗೆ ಬರುವಾಗ ನಿಧಾನವಾಗುವುದು ಕೆಲವರಿಗೆ ಕೈಗೇ ಸಿಗುತ್ತದೆ.

ಕಡಲ ದಂಡೆಯಲ್ಲಿ ಕೂತು ಅಲೆಗೆ ಸರಿಯಾಗಿ ಉಸಿರಾಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಬರಲಿಲ್ಲ. ಅಲೆ ಒಂದು ಬೇಗ ಬರುತ್ತದೆ, ಇನ್ನೊಂದು ತಡ, ಅದರ ಹಿಂದೆ ಓಡಿದರೆ ಸುಸ್ತೇ ಬರುತ್ತದೆ. ಅಲೆಯ ಸದ್ದು ಕೇಳುತ್ತಾ ಇರಲಿ, ಎಣಿಕೆ ನಿಮ್ಮದೇ ಇರಲಿ. ಎಣಿಸುವುದೇ ಡ್ರಿಲ್ ಥರ ಅನ್ನಿಸಿ ಮೈ ಬಿಗಿಯಾಗುವವರಿಗೆ ಭ್ರಾಮರಿ ಒಳ್ಳೆಯದು. ಬಾಯಿ ಮುಚ್ಚಿ ‘ಮ್’ ಅಂತ ಸಣ್ಣಗೆ ಗುನುಗುತ್ತಾ ಉಸಿರು ಬಿಡಿ, ಕಿವಿ ಮುಚ್ಚಿಕೊಳ್ಳುವುದು ಬೇಡ.

ಮೂರನೇ ವಾರ: ಬಿಗಿ ಮಾಡಿ, ಬಿಡಿ

ನನ್ನ ಮಟ್ಟಿಗೆ ಫೌಜಿಗಳಿಗೆ ಅತಿ ಚೆನ್ನಾಗಿ ಹೊಂದುವುದು ಇದೇ. ‘ಸಡಿಲ ಬಿಡಿ’ ಅಂದರೆ ನಮಗೆ ಗೊತ್ತಾಗುವುದಿಲ್ಲ, ‘ಬಿಗಿ ಮಾಡಿ’ ಅಂದರೆ ತಕ್ಷಣ ಗೊತ್ತಾಗುತ್ತದೆ. 1920ರ ದಶಕದಲ್ಲಿ ಎಡ್ಮಂಡ್ ಜೇಕಬ್ಸನ್ ಅನ್ನುವ ಅಮೆರಿಕದ ವೈದ್ಯರು ಈ ದಾರಿ ತೋರಿಸಿದರು. ಒಂದು ಸ್ನಾಯುವನ್ನು ಮೊದಲು ಬೇಕೆಂದೇ ಬಿಗಿ ಮಾಡಿ, ಆಮೇಲೆ ಬಿಟ್ಟರೆ, ಬಿಡುವುದು ಅಂದರೇನು ಅಂತ ಮೈಗೇ ತಿಳಿಯುತ್ತದೆ.

ಬಲಗೈಯಿಂದ ಶುರು ಮಾಡಿ. ಮುಷ್ಟಿ ಕಟ್ಟಿ, ರೈಫಲ್ ಹಿಡಿದಷ್ಟು ಗಟ್ಟಿ ಬೇಡ, ಅದರ ಅರ್ಧ ಸಾಕು. ಐದು ಸೆಕೆಂಡ್. ಈಗ ಬಿಡಿ, ಒಮ್ಮೆಲೇ ಬಿಡಿ. ಹದಿನೈದು ಸೆಕೆಂಡ್ ಏನೂ ಮಾಡದೆ ಆ ಕೈಯನ್ನೇ ನೋಡಿ. ಬೆರಳು ತಾನಾಗಿ ಅರ್ಧ ಮಡಚಿಕೊಂಡು ತೊಡೆಯ ಮೇಲೆ ಬಿದ್ದಿರುತ್ತದೆ, ಅಂಗೈ ಸ್ವಲ್ಪ ಬೆಚ್ಚಗಾಗುತ್ತದೆ, ಬೆರಳ ತುದಿ ಜುಮ್ ಅನ್ನುತ್ತದೆ. ನಮ್ಮ ಗುಂಪಿನ ಒಬ್ಬ ಸುಬೇದಾರ್ ಸಾಹೇಬರು ಮೊದಲ ದಿನ ತಮ್ಮ ಕೈಯನ್ನು ಹಾಗೇ ನೋಡುತ್ತಾ ಕೂತಿದ್ದರು. ಬಹಳ ಹೊತ್ತಿನ ಮೇಲೆ, ‘ಇದು ನನ್ನದೇ ಕೈ ಅಲ್ವಾ ಮಾರಾಯ, ಇಷ್ಟು ಭಾರ ಇದೆ ಅಂತ ಗೊತ್ತೇ ಇರಲಿಲ್ಲ’ ಅಂದರು.

ಆಮೇಲೆ ಎಡಗೈ. ಭುಜವನ್ನು ಕಿವಿಯ ತನಕ ಎತ್ತಿ, ಬಿಡಿ. ಹಣೆ ಗಂಟು ಹಾಕಿ, ಬಿಡಿ. ದವಡೆ ಮಾತ್ರ ಜೋಪಾನ. ಹಲ್ಲು ಕಚ್ಚಬೇಡಿ, ಬಾಯಿ ಸ್ವಲ್ಪ ಅಗಲ ತೆರೆದು ಬಿಟ್ಟರೆ ಸಾಕು, ನಾಲಿಗೆ ಕೆಳಗೆ ಬಿದ್ದಿರಲಿ. ಹೊಟ್ಟೆ, ತೊಡೆ, ಮೀನಖಂಡ, ಪಾದ, ಹೀಗೆ ಇಳಿಯುತ್ತಾ ಹೋಗಿ. ಮೀನಖಂಡದಲ್ಲಿ ಸೆಳೆತ ಹಿಡಿಯುವವರು ಅದನ್ನು ಬಿಟ್ಟುಬಿಡಿ. ಗಾಯ ಆದ ಜಾಗ, ಆಪರೇಶನ್ ಆದ ಜಾಗ, ಗುಂಡಿನ ಚೂರು ಇನ್ನೂ ಒಳಗೇ ಇರುವ ಜಾಗ, ಅದನ್ನು ಮುಟ್ಟದೆ ಮುಂದೆ ಹೋಗಿ. ಕಾಲು ಕಳೆದುಕೊಂಡವರಿಗೆ ಇಲ್ಲದ ಕಾಲಿನಲ್ಲೂ ಬಿಗಿತ ಅನ್ನಿಸುವುದು ಉಂಟು. ಅದು ಭ್ರಮೆಯಲ್ಲ, ಮಿದುಳಿನಲ್ಲಿ ಆ ಕಾಲಿನ ಜಾಗ ಇನ್ನೂ ಇರುತ್ತದೆ, ಡಾಕ್ಟರಿಗೆ ಹೇಳಿಕೊಳ್ಳಲು ಸಂಕೋಚ ಬೇಡ. ಪೂರಾ ಮುಗಿಯಲು ಹತ್ತು ಹನ್ನೆರಡು ನಿಮಿಷ ಬೇಕು. ಪುರುಸೊತ್ತಿಲ್ಲದ ದಿನ ಕೈ, ಭುಜ, ದವಡೆ ಮೂರೇ ಮಾಡಿ.

ಇದರ ಜೊತೆ ಕುರ್ಚಿಯಲ್ಲಿ ಕೂತೇ ಬೆನ್ನನ್ನು ಮೆಲ್ಲಗೆ ಹಿಂದೆ ಮುಂದೆ ಬಾಗಿಸುವುದು, ಕುತ್ತಿಗೆಯನ್ನು ಎಡ ಬಲ ತಿರುಗಿಸುವುದು, ಪಾದ ಸುತ್ತಿಸುವುದು ಸೇರಿಸಬಹುದು. ಸೂರ್ಯನಮಸ್ಕಾರಕ್ಕೆ ಅವಸರ ಇಲ್ಲ.

ದಂಡೆಯ ನಡಿಗೆ

ನಮ್ಮ ಜಿಲ್ಲೆಯವರಿಗೆ ಇದೊಂದು ಭಾಗ್ಯ. ಇಳಿತದ ಹೊತ್ತಿಗೆ ಹೋಗಿ, ಒದ್ದೆ ಮರಳು ಗಟ್ಟಿ ಇರುತ್ತದೆ, ಮಂಡಿಗೆ ಹಿತ. ಒಣ ಮರಳಿನಲ್ಲಿ ಕಾಲು ಹೂತು ಸೊಂಟ ಹಿಡಿಯುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತದೆ, ಹಾಗಾಗಿ ನಿನ್ನೆ ಆರಕ್ಕೆ ಚೆನ್ನಾಗಿದ್ದ ಜಾಗ ವಾರದ ಮೇಲೆ ಆರಕ್ಕೆ ನೀರಿನಡಿ ಇರಬಹುದು. ಮೀನುಗಾರರನ್ನು ಕೇಳಿದರೆ ಬಾಯಲ್ಲೇ ಲೆಕ್ಕ ಹೇಳುತ್ತಾರೆ. ದಂಡೆ ಕಡಲಿನ ಕಡೆ ಇಳಿಜಾರು ಇರುವುದರಿಂದ ಒಂದು ಕಾಲಿಗೆ ಭಾರ ಜಾಸ್ತಿ, ಹೋದ ದಾರಿಯಲ್ಲೇ ವಾಪಸ್ ಬಂದರೆ ಎರಡೂ ಕಾಲಿಗೆ ಸಮ ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಬರಿಗಾಲಿನಲ್ಲಿ ನಡೆಯಬೇಡಿ, ಚಿಪ್ಪು, ಗಾಜು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ.

ನಾವು ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಹತ್ತಿರ ಸೇರುತ್ತೇವೆ. ಪಕ್ಕದಲ್ಲೇ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆ. ಇಲ್ಲೇ ಚೆಂಡಿಯಾದವರು, 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು, ಪರಮವೀರ ಚಕ್ರ ಪಡೆದವರು. ಅವರ ಮುಂದೆ ನಿಂತಾಗಲೆಲ್ಲ ನನಗೆ ಒಂದು ವಿಷಯ ನೆನಪಾಗುತ್ತದೆ. ಮೈನ್ ಇರುವ ನೆಲದಲ್ಲಿ ಓಡಾಡಿದವರು ಊರಿಗೆ ಬಂದ ಮೇಲೂ ನೆಲ ನೋಡಿಕೊಂಡೇ ನಡೆಯುತ್ತಾರೆ. ಕುತ್ತಿಗೆ ಬಗ್ಗಿರುತ್ತದೆ, ಭುಜ ಮುಂದೆ ಬಂದಿರುತ್ತದೆ. ಅದಕ್ಕೇ ಈ ನಡಿಗೆಯಲ್ಲಿ ನಾವು ಇಟ್ಟುಕೊಂಡ ನಿಯಮ ಒಂದೇ: ಇಪ್ಪತ್ತು ಹೆಜ್ಜೆ ಪಾದ ಮರಳಿಗೆ ತಾಗುವುದನ್ನು ಗಮನಿಸುವುದು, ಆಮೇಲೆ ತಲೆ ಎತ್ತಿ ಇಪ್ಪತ್ತು ಹೆಜ್ಜೆ ದೂರದ ದೇವಗಡದ ದೀಪಸ್ತಂಭ, ಕಡಲು ಆಕಾಶ ಸೇರುವ ಗೆರೆ ನೋಡುವುದು. ಯಾವುದನ್ನೂ ಹುಡುಕುವ ಕಣ್ಣಲ್ಲ, ಸುಮ್ನೆ ಅಗಲವಾಗಿ ನೋಡುವ ಕಣ್ಣು. ಮೊದಲ ಸಲ ಕಷ್ಟ ಆಗುತ್ತದೆ. ಮೂರ್ನಾಲ್ಕು ವಾರದಲ್ಲಿ ಕುತ್ತಿಗೆ ತಾನಾಗಿ ಏಳುತ್ತದೆ.

ಮಳೆಗಾಲದಲ್ಲಿ ದಂಡೆಗೆ ಹೋಗಬೇಡಿ, ಜೂನ್-ಜುಲೈ ಕಡಲು ಯಾರ ಮಾತೂ ಕೇಳುವುದಿಲ್ಲ. ಜಗಲಿಯ ಉದ್ದಕ್ಕೂ ಹತ್ತು ಸಲ ಹೋಗಿ ಬಂದರೂ ನಡಿಗೆಯೇ. ಘಟ್ಟದ ಮೇಲಿನವರು ತೋಟದ ದಾರಿ ಬಿಟ್ಟು ಡಾಂಬರು ರಸ್ತೆಯಲ್ಲಿ ನಡೆಯಿರಿ, ಉಂಬಳ ಹತ್ತಿದರೆ ಗಮನವೆಲ್ಲ ಅಲ್ಲೇ.

ರಾತ್ರಿ

ಮಲಗುವ ಮುಂಚೆ ಬಾಗಿಲು, ಗೇಟು, ಪಂಪ್‌ಶೆಡ್ ನೋಡಿ ಬರುವ ಅಭ್ಯಾಸ ನಮಗೆಲ್ಲ ಇದೆ. ಬಿಟ್ಟುಬಿಡಿ ಅಂದರೆ ಆಗುವುದಿಲ್ಲ. ಒಂದು ರೌಂಡ್ ಅಂತ ನಿಗದಿ ಮಾಡಿಕೊಳ್ಳಿ, ಚಿಲಕ ಹಾಕುವಾಗ ‘ಹಾಕಿದೆ’ ಅಂತ ಬಾಯಿಬಿಟ್ಟು ಹೇಳಿ, ಎರಡನೇ ರೌಂಡಿಗೆ ಏಳಬೇಡಿ. ಹಾಸಿಗೆಯಲ್ಲಿ ಮೇಲೆ ಹೇಳಿದ ಬಿಗಿ-ಸಡಿಲ ಮಾಡಿ. ಬೆನ್ನ ಮೇಲೆ ಮಲಗಲು ಆಗದಿದ್ದರೆ ಮಗ್ಗುಲಾಗಿ ಮಲಗಿ, ಸಣ್ಣ ದೀಪ ಇರಲಿ. ಮೂರಕ್ಕೆ ಎಚ್ಚರ ಆಗಿ ಇಪ್ಪತ್ತು ನಿಮಿಷ ಆದರೂ ನಿದ್ದೆ ಬರದಿದ್ದರೆ ಹೊರಳಾಡುವುದು ಬೇಡ. ಎದ್ದು ಜಗಲಿಯಲ್ಲಿ ಕೂತು ಉದ್ದದ ಉಸಿರು ಬಿಡಿ, ಕಣ್ಣು ಎಳೆದಾಗ ವಾಪಸ್ ಹೋಗಿ. ಗಡಿಯಾರ, ಮೊಬೈಲ್ ನೋಡಬೇಡಿ.

ಕ್ಯಾಂಟೀನ್ ಕೋಟಾದ ರಮ್ ಬಗ್ಗೆ ಹೇಳದೆ ಇರಲು ಆಗುವುದಿಲ್ಲ. ಎರಡು ಪೆಗ್ಗಿಗೆ ನಿದ್ದೆ ಬೇಗ ಬರುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧ ಹರಿದು ಚೂರಾಗುತ್ತದೆ, ಕೆಟ್ಟ ಕನಸುಗಳೂ ಆಗಲೇ. ಕಡಿಮೆ ಮಾಡಿ. ಆದರೆ ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಂದೇ ದಿನಕ್ಕೆ ನಿಲ್ಲಿಸಬೇಡಿ, ನಡುಕ, ಫಿಟ್ಸ್ ಬರಬಹುದು, ಅದನ್ನು ಡಾಕ್ಟರ್ ಜೊತೆ ಮಾತಾಡಿಯೇ ಬಿಡಬೇಕು. ಶಿರಸಿ-ಸಿದ್ದಾಪುರ ಕಡೆ ಊಟದ ಕೊನೆಗೆ ಅಪ್ಪೆಹುಳಿ ಕುಡಿದರೆ ನಿದ್ದೆ ಎಳೆಯುತ್ತದೆ ಅನ್ನುತ್ತಾರೆ. ನನಗಂತೂ ಅದು ರುಚಿಗೇ ಇಷ್ಟ. ಬಿ.ಪಿ. ಇದ್ದರೆ ಉಪ್ಪು ಕಡಿಮೆ ಹಾಕಿಸಿಕೊಳ್ಳಿ.

ಇನ್ನು ಮನೆಯವರಿಗೆ. ಅಕ್ಕ, ತಂಗಿ, ಇದನ್ನು ನೀವು ಓದುತ್ತಿದ್ದರೆ: ಅವರು ನಿದ್ದೆಯಲ್ಲಿ ಕೂಗಿಕೊಂಡರೆ ಮೈ ಮುಟ್ಟಿ ಅಲ್ಲಾಡಿಸಬೇಡಿ. ಒಂದೆರಡು ಹೆಜ್ಜೆ ದೂರ ನಿಂತು, ಕಾಲಿನ ಕಡೆ ನಿಂತು, ದೀಪ ಹಾಕಿ ಕರೆಯಿರಿ. ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲದಿದ್ದರೆ ‘ರೀ, ನಾನು. ಮನೇಲಿದ್ದೀರಿ, ನಮ್ಮನೇಲಿ’ ಅನ್ನಿ. ಎರಡು ಮೂರು ಸಲ ಅನ್ನಿ. ಪೂರಾ ಎಚ್ಚರ ಆದ ಮೇಲೆ ನೀರು ಕೊಡಿ. ಏನು ಕನಸು ಅಂತ ಆಗಲೇ ಕೇಳಬೇಡಿ. ನಿದ್ದೆಗಣ್ಣಿನಲ್ಲಿ ಅವರ ಕೈ ತಾಗಿ ನಿಮಗೆ ಪೆಟ್ಟಾಗಿದ್ದರೆ ಅದನ್ನು ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಬೇಕಾದ ವಿಷಯ ಅದು.

ಚೌತಿ, ದೀಪಾವಳಿ, ಮಂಗ

ನಮ್ಮ ಕಡೆ ಗಣೇಶ ಚೌತಿಗೆ ಗರ್ನಾಲು, ಅಂದರೆ ಜೋರು ಸದ್ದಿನ ಪಟಾಕಿ, ಇಲ್ಲದೆ ಆಗುವುದಿಲ್ಲ. ತೋಟದವರು ಮಂಗ ಓಡಿಸಲು ವರ್ಷವಿಡೀ ಹೊಡೆಯುತ್ತಾರೆ. ಕಾಯುತ್ತಿದ್ದ ಸದ್ದಿಗೂ ಕಾಯದ ಸದ್ದಿಗೂ ತುಂಬಾ ವ್ಯತ್ಯಾಸ, ಗೊತ್ತಿದ್ದು ಬಂದರೆ ಮೈ ಅಷ್ಟು ಹಾರುವುದಿಲ್ಲ. ಅದಕ್ಕೇ ಪಕ್ಕದ ತೋಟದವರಿಗೆ ಹೇಳಿಬಿಡಿ: ‘ತಮ್ಮಾ, ಹೊಡಿ, ಬೇಡ ಅನ್ನಲ್ಲ. ಹೊಡೆಯೋ ಮುಂಚೆ ಒಂದು ಕೂಗು ಹಾಕು.’ ನನ್ನ ನೆರೆಯ ಹುಡುಗ ಈಗ ಎರಡು ವರ್ಷದಿಂದ ತಪ್ಪದೆ ‘ಮಾಮಾ, ಹೊಡೀತೆ’ ಅಂತ ಕೂಗಿಯೇ ಬತ್ತಿ ಹಚ್ಚುತ್ತಾನೆ. ಕೇಳುವುದಕ್ಕೆ ನನಗೆ ಆರು ತಿಂಗಳು ನಾಚಿಕೆ ಅಡ್ಡ ಬಂದಿತ್ತು. ಅವನಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಆದರೂ ಬೆಚ್ಚಿಬಿದ್ದರೆ? ಪಾದ ಊರಿ, ಸದ್ದಿನ ಹೆಸರು ಬಾಯಿಬಿಟ್ಟು ಹೇಳಿ, ‘ಗರ್ನಾಲು, ಕೆಳಗಿನ ತೋಟ.’ ಉದ್ದಕ್ಕೆ ಉಸಿರು ಬಿಡಿ, ಐದಾರು ಸಲ. ಕೈ ನಡುಗಿದರೆ ನಡುಗಲಿ, ತಡೆಯಬೇಡಿ, ತಾನಾಗಿ ಇಳಿಯುತ್ತದೆ. ಚೌತಿಯ ಎರಡು ದಿನ ಕಿವಿಗೆ ಹತ್ತಿ ಇಟ್ಟುಕೊಳ್ಳಬಹುದು, ಆದರೆ ದಿನಾ ಇಟ್ಟುಕೊಂಡರೆ ಕಿವಿ ಸಣ್ಣ ಸದ್ದಿಗೂ ಹೆದರಲು ಕಲಿಯುತ್ತದೆ.

ಕೈಗೆ ಕೆಲಸ

ಕೂತು ಮಾಡುವುದು ಯಾವುದೂ ಒಗ್ಗದವರಿಗೆ ಕೈಕೆಲಸ ಕೊಡಿ. ಶಿರಸಿ ಕಡೆ ಕೊಯ್ಲಿನ ಕಾಲದಲ್ಲಿ ನಾಲ್ಕಾರು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತು ಅಡಿಕೆ ಸುಲಿಯುತ್ತಾರಲ್ಲ, ಮೇಲೆ ಹೇಳಿದ ನನ್ನ ಗೆಳೆಯರು ಮತ್ತೆ ಜನರ ನಡುವೆ ಕೂತದ್ದು ಅಲ್ಲೇ. ಕೈಗೆ ಒಂದೇ ತಾಳ, ಬೇಕಾದರೆ ಮಾತು, ಬೇಡವಾದರೆ ಇಲ್ಲ, ಯಾರೂ ಮುಖ ನೋಡುವುದಿಲ್ಲ. ಶಿಬಿರದಲ್ಲಿ ಆಗದ್ದು ಅಡಿಕೆ ರಾಶಿಯ ಮುಂದೆ ಆಯಿತು. ಕರಾವಳಿಯವರಿಗೆ ಬಲೆ ರಿಪೇರಿ ಇದೆ, ಮಲ್ಲಿಗೆ ಗಿಡ ಇದೆ.

ಇಷ್ಟು ಸಾಲದು ಅನ್ನಿಸಿದರೆ

ಒಂದು ತಿಂಗಳು ಮಾಡಿದರೂ ನಿದ್ದೆ ಇಲ್ಲ, ಮನೆಯವರ ಮೇಲೆ ಕೈ ಎತ್ತುವಷ್ಟು ಸಿಟ್ಟು, ಸತ್ತ ಜೊತೆಗಾರ ಕಣ್ಣ ಮುಂದೆ ಬಂದು ನಿಲ್ಲುವುದು, ಬದುಕಿದ್ದೇನು ಪ್ರಯೋಜನ ಅನ್ನುವ ಯೋಚನೆ, ಇವುಗಳಲ್ಲಿ ಯಾವುದಿದ್ದರೂ ಉಸಿರಿನ ಅಭ್ಯಾಸ ಒಂದನ್ನೇ ನಂಬಿ ಕೂರಬೇಡಿ. ಕೊನೆಯದಂತೂ ಬಂದ ದಿನವೇ ಯಾರಿಗಾದರೂ ಹೇಳಿ, ತಿಂಗಳು ಕಾಯಬೇಡಿ. ಇದಕ್ಕೆ ಚಿಕಿತ್ಸೆ ಇದೆ, ಗುಣ ಆಗುತ್ತದೆ. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ 2022ರಿಂದ ನಡೆಯುತ್ತಿದೆ, ನಂಬರ್ 14416, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸೇನೆಯವರಿಗಾಗಿಯೇ 2023ರ ಡಿಸೆಂಬರ್‌ನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಅದರ ಬೇರೆ ಘಟಕವನ್ನೂ ತೆರೆದಿದ್ದಾರೆ.

ಫೋನ್ ಹಚ್ಚಿದ ಮೇಲೆ ಏನು ಹೇಳಬೇಕು ಅಂತ ತಿಳಿಯದೆ ಎಷ್ಟೋ ಜನ ಕಟ್ ಮಾಡುತ್ತಾರೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದರೂ ಆಯಿತು: ‘ನಾನು ರಿಟೈರ್ಡ್ ಫೌಜಿ. ಎರಡು ತಿಂಗಳಿಂದ ನಿದ್ದೆ ಇಲ್ಲ. ಯಾರ ಹತ್ತಿರ ಹೇಳಬೇಕು ಗೊತ್ತಾಗ್ತಿಲ್ಲ.’ ಅಷ್ಟು ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.